ಕಸಬರಿಗೆ ಬಿರುಗಾಳಿಯ ಹಿಂದಿನ ದಿನ

ಡೊಂಬಿವಲಿ

ಸಂಜೆ ಠಾಣೆ ರೈಲು ನಿಲ್ದಾಣದಲ್ಲಿ ಲೋಕಲಿನ ಲೇಡೀಸ್ ಡಬ್ಬಿ ಹತ್ತಿದವಳು ಮೊದಲು ಮಾಡಬೇಕಾದ ಕೆಲಸವೆಂದರೆ ಕೂತವರನ್ನೆಲ್ಲ ಒಬ್ಬೊಬ್ಬರಾಗಿ "ಎಲ್ಲಿ ಇಳೀತೀರಿ?" ಎಂದು ಕೇಳುವುದು. ಮುಂಬ್ರಾ ಎಂದವಳ ಸೀಟು ಮುಂಬ್ರಾದಲ್ಲಿ ನನ್ನದು. ಇನ್ನೊಬ್ಬಳು ಕೇಳುವ ಮೊದಲೇ ಕೇಳಿರಬೇಕು, ಅಷ್ಟೇ ಕಾನೂನು. ಯಾರೂ ಇಳಿಯುವವರಿಲ್ಲದಿದ್ದರೆ ಮೂವರ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂರುವ ಹಕ್ಕು ಇದ್ದೇ ಇದೆ. ಕೂತ ಮೇಲೆ ಪಕ್ಕದವಳು ಮೆಂತೆ ಸೋಸುತ್ತಿದ್ದರೆ ಅರ್ಧ ಕಟ್ಟು ಎತ್ತಿಕೊಂಡು ನಾವೂ ಸೋಸಬೇಕು. ಕೇಳಿ ತೆಗೆದುಕೊಂಡರೆ ಅವಳಿಗೆ ಬೇಸರ. ಠಾಣೆಯಿಂದ ಡೊಂಬಿವಲಿಗೆ ಒಂದು ಕಟ್ಟು ಸರಿಯಾಗಿ ಮುಗಿಯುತ್ತದೆ. ಹನ್ನೊಂದು ವರ್ಷ ಹೀಗೆ ಓಡಾಡಿದ ನಾನು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋದಾಗ ಈ ಕಾನೂನನ್ನೂ ಜೊತೆಗೆ ಒಯ್ದೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಹತ್ತಿ ನೋಡಲಿಕ್ಕೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಠಾಣೆಯ ಒಂದು ನೂಲಿನ ಗಿರಣಿಯಲ್ಲಿ ನಾನು ಹೆಸರಿಗೆ ಲ್ಯಾಬ್ ಅಸಿಸ್ಟೆಂಟ್. ಗದಗಿನ ಅಡತಿ ಅಂಗಡಿಯಲ್ಲಿ ನಮ್ಮಪ್ಪ ಮಾಡುತ್ತಿದ್ದ ಕೆಲಸವೇ ನನ್ನದೂ. ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಜಗ್ಗುವುದು, ಜಗ್ಗಿದ್ದನ್ನು ಜೋಡಿಸಿ ಮತ್ತೆ ಜಗ್ಗುವುದು, ಎಳೆಗಳೆಲ್ಲ ಬಾಚಿದ ಕೂದಲಿನಂತೆ ಸಾಲಿಗೆ ಬಂದಾಗ ಕಪ್ಪು ಬಟ್ಟೆಯ ಮೇಲಿಟ್ಟು ಉದ್ದ ನೋಡುವುದು, ಕೊನೆಗೆ ಕಿವಿಯ ಹತ್ತಿರ ಹಿಡಿದು ಪಟ್ಟನೆ ಹರಿದು ಸಪ್ಪಳ ಕೇಳುವುದು. ಅಪ್ಪ ಇದನ್ನು ನನಗೆ ಎಂಟನೇ ವಯಸ್ಸಿಗೇ ಕಲಿಸಿದ್ದ. ಗಿರಣಿಯಲ್ಲಿ ಯಂತ್ರಗಳೂ ಇದ್ದವು. ಯಂತ್ರ ಒಂದು ಹೇಳಿ ನನ್ನ ಬೆರಳು ಇನ್ನೊಂದು ಹೇಳಿದರೆ, ನೂಲು ತೆಗೆದ ಮೇಲೆ ಹೆಚ್ಚಾಗಿ ಬೆರಳಿನ ಮಾತೇ ನಿಜವಾಗುತ್ತಿತ್ತು. ನನಗೆ ಸೊಕ್ಕು ಎಂದು ಗಿರಣಿಯಲ್ಲಿ ಆಡಿಕೊಳ್ಳುತ್ತಿದ್ದರು. ಇತ್ತು, ಇಲ್ಲವೆನ್ನುವುದಿಲ್ಲ.

ಆದರೆ ಹನ್ನೊಂದು ವರ್ಷದಲ್ಲಿ ಒಂದು ವರದಿಯ ಕೆಳಗೂ ನನ್ನ ಸಹಿ ಬಿದ್ದಿರಲಿಲ್ಲ. ಜಗ್ಗಿ ಹೇಳುವುದು ನಾನು, ಬರೆದು ಸಹಿ ಹಾಕುವುದು ನಮ್ಮ ರಾವ್ ಸಾಹೇಬರು. ಉಡುಪಿ ಕಡೆಯಿಂದ ಬಂದು ಠಾಣೆಯಲ್ಲಿ ಮನೆ ಮಾಡಿದ್ದ ಅವರು ಕೆಟ್ಟವರಲ್ಲ. ಹಬ್ಬಕ್ಕೆ ಮಕ್ಕಳಿಗೆ ಸಿಹಿ ಕೊಟ್ಟು ಕಳಿಸುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ಸಾಹೇಬ್ರ, ಕೆಳಗ ನಂದೂ ಒಂದ್ ಸಹಿ ಇರ್ಲಿ ಅಲ್ರೀ?" ಎಂದು ಕೇಳಿದ್ದೆ.

"ಸಹಿ ಅಂದ್ರೆ ಜವಾಬ್ದಾರಿ ಸುಮಿತ್ರಾಬಾಯಿ," ಎಂದಿದ್ದರು ಅವರು. "ನಾಳೆ ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ ಕೇಳುದು ನನ್ನನ್ನು, ನಿಮ್ಮನ್ನಲ್ಲ."

ಹಿಂದಿನ ವರ್ಷ ಹೆಚ್ಚುಕಮ್ಮಿ ಆಯಿತು. ಅಲೆಕ್ಸಾಂಡ್ರಿಯದಿಂದ ಬಂದ ಉದ್ದೆಳೆಯ ಹತ್ತಿಯಲ್ಲಿ ಗಿಡ್ಡೆಳೆಯದು ಬೆರೆತು, ನೂಲು ತುಂಡಾಗಿ ತುಂಡಾಗಿ ಜನಕ್ಕೆ ಸಾಕಾಗಿ ಹೋಯಿತು. ಈ ಸಲ ಹಡಗಿಗೆ ಹಾಕುವ ಮುಂಚೆ ಅಲ್ಲಿಯೇ ನೋಡಿ ಬನ್ನಿ, ಜೊತೆಗೆ ಆ ಡೊಂಬಿವಲಿ ಬಾಯಿಯನ್ನೂ ಕರೆದುಕೊಂಡು ಹೋಗಿ ಎಂದು ಮಾಲೀಕರು ಸಾಹೇಬರಿಗೆ ಹೇಳಿದರು. ನನ್ನ ಗಂಡ ಕಳವಾ ಎಂಬಲ್ಲಿಯ ರೈಲು ಕಾರ್‌ಶೆಡ್ಡಿನಲ್ಲಿ ಫಿಟ್ಟರ್. ಅವರಿಗೆ ನನಗಿಂತ ಹೆಚ್ಚು ಸಂಭ್ರಮ. "ಹುಡುಗರನ್ನ ನಾ ನೋಡ್ಕೋತೀನಿ, ಹೋಗಿ ಬಾ. ಬರೇ ಹತ್ತಿ ನೋಡ್ಕೋತ ಕೂಡಬ್ಯಾಡ, ಊರೂ ನೋಡು," ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಒಂದೇ. ಅಷ್ಟು ದೂರ ಹೋಗಿಯೂ ಕೈ ನನ್ನದು, ಹೆಸರು ಅವರದು ಆಗಿಯೇ ತಿರುಗಿ ಬರುವುದೇ?

ಕಾಂಪ್ ಸೀಜರ್

ನಮ್ಮ ಹೋಟೆಲಿದ್ದ ನಿಲ್ದಾಣದ ಹೆಸರು ಕಾಂಪ್ ಸೀಜರ್. ರೋಮಿನ ದೊರೆಯ ದಂಡು ಬೀಡುಬಿಟ್ಟ ಜಾಗವಂತೆ. ಈಗ ಅಲ್ಲಿ ಬೀಡುಬಿಟ್ಟಿರುವುದು ಒಗೆದ ಬಟ್ಟೆ. ಬೀದಿಯ ಎರಡೂ ಬದಿ ಆರಾರು ಮಾಳಿಗೆಯ ಹಳೆಯ ಮನೆಗಳು, ಪ್ರತಿ ಬಾಲ್ಕನಿಯಲ್ಲೂ ಹಗ್ಗ, ಹಗ್ಗದ ತುಂಬ ಚಡ್ಡಿ, ಅಂಗಿ, ಚಾದರ. ಬೆಳಿಗ್ಗೆ ತರಕಾರಿ ಗಾಡಿಯವನು ಕೂಗಿದ ಕೂಡಲೇ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಗಳು ಇಳಿಯುತ್ತಿದ್ದವು. ಹೆಂಗಸರು ಮೇಲಿಂದಲೇ ಬೈದು, ಚೌಕಾಸಿ ಮಾಡಿ, ಕೆಟ್ಟ ಟೊಮೇಟೊ ಬಂದಿದ್ದರೆ ಬುಟ್ಟಿಯನ್ನು ತಿರುಗಿ ಕೆಳಗಿಳಿಸುತ್ತಿದ್ದರು. ನಮ್ಮ ಚಾಳಿನ ಮೂರನೇ ಮಾಳಿಗೆಯಿಂದ ನಾನೂ ಹಾಲಿಗೆ ಹೀಗೇ ಚೀಲ ಇಳಿಸುತ್ತೇನೆ. ಸಮುದ್ರ ದಾಟಿ ಬಂದ ಗತ್ತು ನನಗೆ ಅಲ್ಲಿಗೇ ಅರ್ಧ ಇಳಿಯಿತು.

ಮೊದಲ ದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಸಮುದ್ರದ ದಂಡೆಗುಂಟ ನಡೆಸಿಕೊಂಡು ಹೋದರು. ಬಿಲ್ಲಿನಂತೆ ಬಾಗಿದ ದಂಡೆ, ಅದರ ಒಂದು ತುದಿಗೆ ಹಳೆಯ ಕೋಟೆ. ಲೋಕಕ್ಕೆಲ್ಲ ಹೆಸರಾದ ದೀಪಸ್ತಂಭ ಇದ್ದದ್ದು ಅಲ್ಲೇ, ಅದರ ಕಲ್ಲುಗಳು ಕೋಟೆಯ ಗೋಡೆಯೊಳಗೂ ಇವೆ ಎಂದರು. "ನೋಡಿ, ನಮ್ಮ ಕಲ್ಯಾಣ ಉಂಟಲ್ಲ, ಅದೂ ಆ ಕಾಲದಲ್ಲಿ ದೊಡ್ಡ ಬಂದರು. ಅಲ್ಲಿಯ ಬಟ್ಟೆ ಈ ಊರಿಗೆ ಬರ್ತಿತ್ತಂತೆ." ದಿನಾ ಕಲ್ಯಾಣ ಲೋಕಲಿಗೆ ಬಾಗಿಲಲ್ಲಿ ಜೋತುಬೀಳುವ ನನಗೆ ಅಲ್ಲಿಂದ ಹಡಗು ಹೊರಡುವುದನ್ನು ಕಲ್ಪಿಸಿಕೊಳ್ಳುವುದು ಕಷ್ಟವೇ ಆಯಿತು. ಆದರೂ ಖುಷಿಯಾಯಿತು. ನಮ್ಮ ಕಡೆಯವರು ಯಾರೋ ನನಗಿಂತ ಎರಡು ಸಾವಿರ ವರ್ಷ ಮೊದಲೇ ಇಲ್ಲಿ ಬಟ್ಟೆಯ ಗಂಟು ಬಿಚ್ಚಿ, ಇದೇ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರಬೇಕು.

ಹೆಂಗಸರ ಡಬ್ಬಿ

ಅಲ್ಲಿಯ ಟ್ರಾಮಿಗೆ ಮೂರು ಡಬ್ಬಿ, ಮೊದಲನೆಯದು ಹೆಂಗಸರಿಗೆ. ಇದನ್ನು ಕಂಡು ನನಗಾದ ಸಮಾಧಾನ ಇಷ್ಟೆಂದು ಹೇಳಲಾರೆ. ಅಂದು ಸಂಜೆ, ನಾವು ಕೊಳ್ಳಬೇಕಿದ್ದ ನಾಲ್ಕು ಲಾಟು ಹತ್ತಿಯಲ್ಲಿ ಎರಡನ್ನು ನೋಡಿ ಮುಗಿಸಿ, ರಮ್ಲ್ ಸ್ಟೇಷನ್ನಿನಲ್ಲಿ ಸಾಹೇಬರನ್ನು ಹಿಂದಿನ ಡಬ್ಬಿಗೆ ಕಳಿಸಿ ನಾನು ಮೊದಲನೆಯದಕ್ಕೆ ನುಗ್ಗಿದೆ. ಟ್ರಾಮು ಇನ್ನೂ ನಿಂತಿರಲಿಲ್ಲ. ಅಲ್ಲಿಯವರು ಅದು ಪೂರ್ತಿ ನಿಲ್ಲುವವರೆಗೆ ಕಾಯುತ್ತಾರೆಂದು ನನಗೇನು ಗೊತ್ತು.

ಆದರೂ ಸೀಟು ಸಿಗಲಿಲ್ಲ. ನಾನು ಅಭ್ಯಾಸಬಲದಿಂದ ಒಬ್ಬೊಬ್ಬರ ಮುಂದೆ ನಿಂತು, ಸೀಟು ತೋರಿಸಿ, ಕಿಟಕಿಯ ಹೊರಗೆ ಕೈ ತೋರಿಸಿ, ಹುಬ್ಬು ಹಾರಿಸುತ್ತ ಹೋದೆ. ಟ್ರಾಮಿನಿಂದ ಇಳಿ ಎನ್ನುತ್ತಿದ್ದಾಳೆಂದು ಒಬ್ಬಾಕೆ ಸಿಟ್ಟಾದಳು. ಕೊನೆಗೆ ಇಬ್ಬರು ಕೂತಿದ್ದ ಬೆಂಚಿನ ಅಂಚಿಗೆ ಸೊಂಟ ಊರಿ, "ಜರಾ ಸರ್ಕಾ ನಾ," ಎಂದು ಮರಾಠಿಯಲ್ಲೇ ಹೇಳಿದೆ. ಭಯಕ್ಕೋ ಏನೋ ಸರಿದರು. ನನ್ನ ಪಕ್ಕದಲ್ಲಿದ್ದಾಕೆ ಕಪ್ಪು ಬಟ್ಟೆಯ ದಪ್ಪನೆಯ ಹೆಂಗಸು. ತೊಡೆಯ ಮೇಲೆ ಚೀಲ, ಚೀಲದ ತುಂಬ ಯಾವುದೋ ಹಸಿರು ಸೊಪ್ಪು. ಕೈ ಖಾಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಚೀಲಕ್ಕೆ ಕೈ ಹಾಕಿ ಅರ್ಧ ಕಟ್ಟು ಎಳೆದುಕೊಂಡು ಸೋಸಲು ಶುರು ಮಾಡಿದೆ.

ಆಕೆ ಚೀಲವನ್ನು ಎದೆಗವಚಿಕೊಂಡು ಇಡೀ ಡಬ್ಬಿಗೆ ಕೇಳುವಂತೆ ಅರಬ್ಬಿಯಲ್ಲಿ ಏನೇನೋ ಹೇಳತೊಡಗಿದಳು. ಭಾಷೆ ತಿಳಿಯದಿದ್ದರೂ ಕಳ್ಳಿ ಎನ್ನುತ್ತಿದ್ದಾಳೆಂದು ತಿಳಿಯಿತು. ಎದುರಿಗೆ ಕೂತಿದ್ದ ಕನ್ನಡಕದ ಹೆಂಗಸು ಮುಂದೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದಳು. "ಆಕೆಯ ಸೊಪ್ಪು ನಿಮಗೆ ಯಾಕೆ ಬೇಕು?"

"ನನಗೆ ಬೇಡ. ಆಕೆಗೇ ಸೋಸಿ ಕೊಡುತ್ತೇನೆ."

"ಯಾಕೆ?"

"ನನ್ನ ಸ್ಟೇಷನ್ ಇನ್ನೂ ದೂರ ಇದೆ."

ಇದಕ್ಕಿಂತ ಒಳ್ಳೆಯ ಕಾರಣ ನನಗೆ ಆಗಲೂ ಹೊಳೆಯಲಿಲ್ಲ, ಈಗಲೂ ಹೊಳೆಯುವುದಿಲ್ಲ. ನಮ್ಮ ರೈಲಿನಲ್ಲಿ ಹೀಗೆ, ನೆರೆಯವಳ ಸೊಪ್ಪು ಸೋಸದೆ ಕೂರುವುದು ನಮ್ಮಲ್ಲಿ ಸೋಮಾರಿತನ ಎಂದು ವಿವರಿಸಿದೆ. ಕನ್ನಡಕದಾಕೆ ಅದನ್ನು ಅರಬ್ಬಿಗೆ ತಿರುಗಿಸಿದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು. ದಪ್ಪನೆಯ ಹೆಂಗಸು ನನ್ನ ಕೈಯನ್ನೇ ನೋಡುತ್ತ ಕೂತಳು. ಆ ಕಟ್ಟು ಮುಗಿದಾಗ ಇನ್ನೊಂದನ್ನು ತಾನೇ ಎತ್ತಿ ನನ್ನ ತೊಡೆಯ ಮೇಲೆ ಹಾಕಿ ತಾನೂ ಸೋಸತೊಡಗಿದಳು.

ಆಕೆಯ ಹೆಸರು ಉಮ್ಮ್ ಹಸನ್, ಎಂದರೆ ಹಸನನ ತಾಯಿ. ಒಂದು ಶಾಲೆಯಲ್ಲಿ ಆಯಾ. ಕನ್ನಡಕದ ಸುಹೈರ್ ಅದೇ ಶಾಲೆಯಲ್ಲಿ ಟೀಚರು. ಸೊಪ್ಪಿನ ಹೆಸರು ಮುಲುಖಿಯಾ, ಆ ವರ್ಷದ ಕೊನೆಯ ಫಸಲು. ಸಣ್ಣಗೆ ಹೆಚ್ಚಿ ಬೇಯಿಸಿದರೆ ಬಸಳೆಯಂತೆ ಲೋಳೆಯಾಗುತ್ತದೆಯಂತೆ. ಮರುದಿನ ಬೆಳಿಗ್ಗೆ ಉಮ್ಮ್ ಹಸನ್ ಒಂದು ಡಬ್ಬದಲ್ಲಿ ಅದನ್ನು ತಂದು ಟ್ರಾಮಿನಲ್ಲೇ ನನಗೆ ತಿನ್ನಿಸಿದಳು. ನನಗೆ ಸೀಟನ್ನೂ ಹಿಡಿದಿಟ್ಟಿದ್ದಳು. ಕರವಸ್ತ್ರ ಹಾಸಿ ಹಿಡಿಯುವುದು ಹೇಗೆಂದು ನಾನೇ ಹಿಂದಿನ ಸಂಜೆ ತೋರಿಸಿಕೊಟ್ಟಿದ್ದೆ.

ಸ್ಟಾನ್ಲಿ

ಎರಡನೇ ದಿನ ಮೂರನೆಯ ಲಾಟು ಬೇಗ ಮುಗಿಯಿತು. ನಾನು ಜಗ್ಗಿದೆ, ಸಾಹೇಬರು ಸಹಿ ಹಾಕಿದರು. ಮಧ್ಯಾಹ್ನ ಸ್ಟಾನ್ಲಿ ಎಂಬ ಕೊಲ್ಲಿಗೆ ಹೋದೆವು. ಅರ್ಧಚಂದ್ರದ ಹಾಗೆ ಮರಳು, ಅದರ ಮೇಲೆ ಸಾಲು ಸಾಲು ಮರದ ಕೋಣೆಗಳು. ನವೆಂಬರಿನ ಆ ಚಳಿಗಾಳಿಯಲ್ಲಿ ನೀರಿಗೆ ಇಳಿದವರು ಒಬ್ಬರೂ ಇರಲಿಲ್ಲ. ಅದೇ ತಪ್ಪಾಯಿತು.

"ಇಷ್ಟು ನೀರಿಗೆ ಹೆದರ್ತಾರಾ ಇವರು? ನಾನು ಮಲ್ಪೆ ಕಡಲಲ್ಲಿ ಈಜಿದವ," ಎಂದು ಸಾಹೇಬರು ಅಂಗಿ ಕಳಚಿದರು. ಇಪ್ಪತ್ತು ವರ್ಷದಿಂದ ಅವರು ಈಜಿದ್ದು ಠಾಣೆಯ ಕೆರೆಯ ದಂಡೆಯಲ್ಲಿ ಸಂಜೆ ಕೂತು ಭೇಲ್ ತಿಂದದ್ದಷ್ಟೇ. ಮೊದಲ ಅಲೆಗೆ ಎದೆ ಕೊಟ್ಟರು, ಎರಡನೆಯದಕ್ಕೆ ಬೆನ್ನು ಕೊಟ್ಟರು. ಮೂರನೆಯ ಅಲೆ ಅವರನ್ನು ತಂದು ನನ್ನ ಚಪ್ಪಲಿಯ ಹತ್ತಿರ ಬಿಟ್ಟಿತು. ದಂಡೆಯ ಮುದುಕನೊಬ್ಬ ಟವೆಲ್ ಹೊದಿಸಿ, ಬಿಸಿ ಚಹಾ ಕುಡಿಸಿ, ಕೈಹಿಡಿದು ಟ್ಯಾಕ್ಸಿಗೆ ಹತ್ತಿಸಿದ.

ಮರುದಿನ ಬೆಳಿಗ್ಗೆ ಅವರಿಗೆ ಮಂಚದಿಂದ ಏಳಲಾಗಲಿಲ್ಲ. ಬೆನ್ನು ಹಿಡಿದಿತ್ತು. "ಸುಮಿತ್ರಾಬಾಯಿ, ಹೋಟೆಲಿನ ಫೋನ್ ಸತ್ತಿದೆ. ನೀವು ಗೋದಾಮಿಗೆ ಹೋಗಿ, ನಾಲ್ಕನೇ ಲಾಟು ನಾಳೆ ನೋಡ್ತೇವೆ ಅಂತ ಹೇಳಿ ಬನ್ನಿ. ಹಡಗಿಗೆ ಹಾಕುದು ನಾಡಿದ್ದಲ್ವ? ನಾಳೆಗೆ ನಾನು ಎದ್ದಿರ್ತೇನೆ. ನೀವು ಅಲ್ಲಿ ಎಂತದೂ ಮಾಡ್ಲಿಕ್ಕೆ ಹೋಗ್ಬೇಡಿ."

ರಮ್ಲ್ ಸ್ಟೇಷನ್

ಟ್ರಾಮಿನಲ್ಲಿ ಆ ದಿನ ಉಮ್ಮ್ ಹಸನ್ನಳ ಕೈಯಲ್ಲಿ ಎರಡು ಚೀಲ, ಎರಡರ ತುಂಬ ರೊಟ್ಟಿ. ಮದುವೆಯೇ ಎಂದು ಕೇಳಿದೆ. ಆಕೆ ಕೈಯಿಂದ ನೆಲ ಗುಡಿಸುವಂತೆ ಮಾಡಿ, ಆಕಾಶ ತೋರಿಸಿ, ಕುತ್ತಿಗೆಗೆ ತಲೆವಸ್ತ್ರ ಸುತ್ತಿಕೊಂಡು ನಡುಗಿ ತೋರಿಸಿದಳು. ಸುಹೈರ್ ನಗುತ್ತ ಅರ್ಥ ಹೇಳಿದಳು. "ನಾಳೆ ಕಸಬರಿಗೆ ಬರುತ್ತದೆ. ಎರಡು ದಿನಕ್ಕಾಗುವಷ್ಟು ರೊಟ್ಟಿ ಕೊಂಡಿದ್ದಾಳೆ."

ಕಸಬರಿಗೆ ಒಂದು ಬಿರುಗಾಳಿಯ ಹೆಸರು. ಚಳಿಗಾಲದಲ್ಲಿ ಸಮುದ್ರದಿಂದ ಏಳುವ ಪ್ರತಿಯೊಂದು ಗಾಳಿಮಳೆಗೂ ಆ ಊರಿನಲ್ಲಿ ಹೆಸರುಂಟು, ಹೆಚ್ಚುಕಡಿಮೆ ಗೊತ್ತಾದ ದಿನವೂ ಉಂಟು. ಹಳೆಯ ಮೀನುಗಾರರ ಲೆಕ್ಕವದು. ಬೀದಿಗಳನ್ನು ಗುಡಿಸಿ ಹಾಕುತ್ತದೆಂದು ಇದು ಕಸಬರಿಗೆ. ಸುಹೈರ್ ಒಂದೊಂದೇ ಹೆಸರು ಹೇಳುತ್ತ ಹೋದಂತೆ ನನಗೆ ನಮ್ಮ ಹಸ್ತಿ ಮಳೆ, ಚಿತ್ತಿ ಮಳೆ, ಸ್ವಾತಿ ಮಳೆ ನೆನಪಾದವು. ಅಪ್ಪ ಪಂಚಾಂಗ ನೋಡದೆ, ಗಾಳಿ ಮೂಸಿ ಇವತ್ತು ಹತ್ತಿ ಜಗ್ಗಬೇಕೋ ಬೇಡವೋ ಹೇಳುತ್ತಿದ್ದ. "ನಂಬಬಹುದೇ?" ಎಂದು ಕೇಳಿದೆ. "ದಿನ ಒಂದು ಆಚೀಚೆ ಆಗಬಹುದು. ಆದರೆ ಉಮ್ಮ್ ಹಸನ್ನಳ ಮೊಣಕಾಲು ನಿನ್ನೆಯಿಂದ ನೋಯುತ್ತಿದೆ. ನಾಳೆಯೇ," ಎಂದಳು ಸುಹೈರ್.

ನನ್ನ ತಲೆ ನಾಲ್ಕನೇ ಲಾಟಿನ ಕಡೆ ಓಡಿತು. ಮೋಡ ಕವಿದರೆ ಗೋದಾಮಿನ ಉತ್ತರದ ಕಿಟಕಿಯ ಬೆಳಕು ಹೋಗುತ್ತದೆ, ಹತ್ತಿಯ ಬಣ್ಣ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಒದ್ದೆ ಗಾಳಿ. ಹತ್ತಿ ತೇವ ಕುಡಿಯುತ್ತದೆ. ತೇವ ಕುಡಿದ ಎಳೆ ಒಂದಕ್ಕೊಂದು ಅಂಟಿ, ಜಗ್ಗಿದರೆ ಬೇಗ ಹರಿಯದೆ, ಬೆರಳಿಗೆ ರೇಷ್ಮೆಯಂತೆ ಹತ್ತುತ್ತದೆ. ಗಿಡ್ಡ ಹತ್ತಿಯೂ ಆಗ ಉದ್ದದ್ದೆಂದು ಹೇಳಿಕೊಂಡು ದಾಟಿಬಿಡುತ್ತದೆ. ನಾಳೆ ನೋಡಿದರೆ ಕುರುಡಿಯಂತೆ ನೋಡಬೇಕು, ನಾಡಿದ್ದು ಹಡಗು ತುಂಬುತ್ತದೆ. ನೋಡುವುದಿದ್ದರೆ ಇವತ್ತೇ.

ಈರುಳ್ಳಿ ಬಂದರು

ಹತ್ತಿಯ ಗೋದಾಮುಗಳಿದ್ದ ಕೇರಿಯ ಹೆಸರಿನ ಅರ್ಥ ಈರುಳ್ಳಿ ಬಂದರು ಎಂದು. ಹಳೆಯ ಕಾಲುವೆಯ ಪಕ್ಕ ಎತ್ತರದ ಕಟ್ಟಡಗಳು, ಒಳಗೆ ಹೋದರೆ ಹತ್ತಿಬೀಜದ ಎಣ್ಣೆಯ ವಾಸನೆ. ಆ ವಾಸನೆಗೆ ನನಗೆ ಗದಗಿನ ಹಗಲುಗಳೆಲ್ಲ ನೆನಪಾದವು.

ಅಲ್ಲಿಯ ಹಿರಿಯ ಹತ್ತಿ ಪರೀಕ್ಷಕರು ಹಾಜಿ ರಶಾದ್. ಬಿಳಿ ಮೀಸೆ, ಉಣ್ಣೆಯ ಟೊಪ್ಪಿಗೆ, ತುಂಡುತುಂಡು ಇಂಗ್ಲಿಷ್. ಹತ್ತಿಯನ್ನು ನಾವು ಪಕ್ಕದ ಕೋಣೆಗೆ ಒಯ್ದು ನೋಡುತ್ತಿದ್ದುದರಿಂದ, ಎರಡು ದಿನ ಅವರು ನನ್ನನ್ನು ಸಾಹೇಬರ ಚೀಲ ಹೊರುವವಳೆಂದು ತಿಳಿದಿದ್ದರು. ನಾಲ್ಕನೇ ಲಾಟನ್ನು ಇವತ್ತೇ ನೋಡಬೇಕು ಎಂದೆ. ಮೇಜಿನ ಮೇಲೆ ನಮೂನೆಯ ಪೊಟ್ಟಣ ಸಿದ್ಧವಿದೆ, ಬೇಕಾದರೆ ಒಯ್ಯಿರಿ, ಉಳಿದದ್ದು ನಾಳೆ ಎಂದರು.

"ನಮೂನೆ ಬೇಡ. ಮೊದಲ ಮೂರು ಲಾಟಿನ ಹಾಗೇ ಅಂಡಿಗೆ ಒಡೆಸಿ, ಒಳಗಿನದು ನೋಡಬೇಕು," ಎಂದೆ. ಅಂಡಿಗೆ ಎಂದರೆ ಒತ್ತಿ, ಪಟ್ಟಿ ಬಿಗಿದು ಕಟ್ಟಿದ ಹತ್ತಿಯ ದೊಡ್ಡ ಹೊರೆ. ಒಂದನ್ನು ಒಡೆದರೆ ಮತ್ತೆ ಕಟ್ಟುವುದು ನಾಲ್ಕಾಳಿನ ಕೆಲಸ.

ಹಾಜಿಯವರು ಕೈ ಒರೆಸಿಕೊಂಡರು. "ಸಹಿ ಹಾಕುವವರು ಕೇಳಿದರೆ ಒಡೆಸುತ್ತೇನೆ. ಸಹಿ ಯಾರದು?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಹನ್ನೊಂದು ವರ್ಷ ಕಾದಿದ್ದೆ. ಕೇಳಿದಾಗ ಲೆಕ್ಕ ಹಾಕತೊಡಗಿದೆ. ಸುಳ್ಳೇ ಅಂಡಿಗೆ ಒಡೆಸಿದೆನೆಂದಾದರೆ, ಇಲ್ಲವೇ ಒಳ್ಳೆಯ ಲಾಟನ್ನು ಕೆಟ್ಟದ್ದೆಂದರೆ, ಠಾಣೆಗೆ ಹೋದ ಮೇಲೆ ನನಗೆ ಕೆಲಸವಿರುತ್ತಿರಲಿಲ್ಲ. ಸಾಹೇಬರು ಏನೂ ಮಾಡಬೇಡ ಎಂದೇ ಕಳಿಸಿದ್ದರು.

"ನಂದು," ಎಂದೆ. ಕನ್ನಡದಲ್ಲೇ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

ಬೇರೆ ಬೇರೆ ಕಡೆ ಒಟ್ಟಿದ್ದ ಹನ್ನೆರಡು ಅಂಡಿಗೆ ಒಡೆಸಿದರು. ಹಾಜಿಯವರೇ ಒಂದೊಂದರ ಒಳಗಿನಿಂದ ಹಿಡಿಯಷ್ಟು ಕಿತ್ತು, ಗುರುತಿನ ಚೀಟಿಯನ್ನು ಅಡಿಗೆ ಮಡಚಿಟ್ಟು, ನನಗೆ ಕಾಣದಂತೆ ಹಿಂದುಮುಂದು ಮಾಡಿ ಉತ್ತರದ ಕಿಟಕಿಯ ಮೇಜಿನ ಮೇಲೆ ಸಾಲಾಗಿ ಇಟ್ಟರು. ಉಳಿದ ಪರೀಕ್ಷಕರು ತಮ್ಮ ಕೆಲಸ ಬಿಟ್ಟು ಬಂದು ನಿಂತರು. ನಾನು ಸೆರಗು ಸಿಕ್ಕಿಸಿ ಶುರು ಮಾಡಿದೆ. ಮೊದಲನೆಯದು ಚೆನ್ನಾಗಿತ್ತು, ಎರಡನೆಯದೂ. ಮೂರನೆಯದನ್ನು ಜಗ್ಗಿದಾಗ ಬೆರಳು ತಾನಾಗಿ ನಿಂತಿತು. ಕಪ್ಪು ಬಟ್ಟೆಯ ಮೇಲಿಟ್ಟೆ. ಮೊದಲಿನವಕ್ಕಿಂತ ಅರ್ಧ ಅಕ್ಕಿಕಾಳಿನಷ್ಟು ಗಿಡ್ಡ. ಕಿವಿಯ ಹತ್ತಿರ ಹರಿದೆ. ಸಪ್ಪಳ ಮೊಂಡಾಗಿತ್ತು. ಆಮೇಲೆ ನನಗೆ ಅಲ್ಲಿ ಯಾರು ನಿಂತಿದ್ದಾರೆಂಬುದು ಮರೆತುಹೋಯಿತು. ಕೊನೆಗೆ ಎರಡು ಗುಂಪು ಮಾಡಿದೆ, ಉದ್ದೆಳೆಯ ಏಳು ಒಂದು ಕಡೆ, ಗಿಡ್ಡೆಳೆಯ ಐದು ಇನ್ನೊಂದು ಕಡೆ.

ಹಾಜಿಯವರು ಹನ್ನೆರಡನ್ನೂ ಮತ್ತೆ ಹಿಂದುಮುಂದು ಮಾಡಿಸಿ, ತಾವು ಮೇಜಿನ ಇನ್ನೊಂದು ತುದಿಗೆ ಹೋಗಿ ಜಗ್ಗತೊಡಗಿದರು. ಎಷ್ಟು ಚೆಂದದ ಕೈ ಅದು! ನನ್ನ ಅಪ್ಪನಿಗಿಂತ ನಿಧಾನ, ಆದರೆ ಒಂದು ಎಳೆಯೂ ಕೆಳಗೆ ಬೀಳುತ್ತಿರಲಿಲ್ಲ. ಅವರೂ ಎರಡು ಗುಂಪು ಮಾಡಿದರು. ಚೀಟಿ ಬಿಚ್ಚಿ ನೋಡಿದರೆ ಏಳು ಅವೇ ಏಳು, ಐದು ಅವೇ ಐದು. ಆ ಐದೂ ಕಾಲುವೆಯ ಕಡೆಯ ಒಟ್ಟಿಲಿನವು, ಬೇರೊಂದು ಊರಿನಿಂದ ಬಂದ ಹತ್ತಿ. ಇಳಿಸುವಾಗ ಯಾರೋ ತಪ್ಪಾಗಿ ನಮ್ಮ ಲಾಟಿಗೆ ಸೇರಿಸಿದ್ದರು.

ಅವರು ನನ್ನ ಬಲಗೈಯನ್ನು ತೋರಿಸಲು ಹೇಳಿ, ತಮ್ಮದನ್ನು ಪಕ್ಕದಲ್ಲಿ ಹಿಡಿದರು. ಇಬ್ಬರ ತೋರುಬೆರಳಿನ ತುದಿಯೂ ಒಂದೇ ರೀತಿ ಸವೆದು ನುಣ್ಣಗಾಗಿತ್ತು. "ಯಾರು ಕಲಿಸಿದರು?"

"ನಮ್ಮಪ್ಪ."

"ನನಗೂ ನನ್ನ ಅಪ್ಪನೇ," ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಹೆಮ್ಮೆಗೆ ಬಂದ ನೀರು, ಒರೆಸಿಕೊಳ್ಳಲಿಲ್ಲ.

ಕಾಲುವೆಯ ಕಡೆಯ ಒಟ್ಟಿಲನ್ನು ಅಂದೇ ತೆಗೆಸಿದರು. ಬದಲಿಗೆ ಬಂದದ್ದನ್ನೂ ಜಗ್ಗಿ ನೋಡಿ, ಬೆಳಕು ಇಳಿಯುವ ಮುಂಚೆ ಕೆಲಸ ಮುಗಿಸಿದೆವು. ಗಾಜಿನ ಲೋಟದಲ್ಲಿ ಕಡು ಚಹಾ ಬಂತು. ಹಾಜಿಯವರು ಕಾಗದ ನನ್ನ ಮುಂದಿಟ್ಟರು. ಕೊಳ್ಳುವವರ ಪರವಾಗಿ ಎಂಬಲ್ಲಿ ಸುಮಿತ್ರಾ ಹೂಗಾರ ಎಂದು ಕನ್ನಡದಲ್ಲಿ ಬರೆದೆ. ಇದು ಯಾವ ಬರಹ ಎಂದು ಎಲ್ಲರೂ ಬಗ್ಗಿ ನೋಡಿದರು. ದುಂಡಗಿದೆ, ಚೆನ್ನಾಗಿದೆ ಎಂದರು ಹಾಜಿ.

ಮತ್ತೆ ಕಾಂಪ್ ಸೀಜರ್

ಮರುದಿನ ಬೆಳಗಾಗುವಷ್ಟರಲ್ಲಿ ಕಸಬರಿಗೆ ಊರನ್ನು ಹಿಡಿದಿತ್ತು. ಸಮುದ್ರ ದಂಡೆಯ ಗೋಡೆ ಹಾರಿ ರಸ್ತೆಗೆ ಬೀಳುತ್ತಿತ್ತು. ಬಾಲ್ಕನಿಗಳಲ್ಲಿ ಒಂದು ಬಟ್ಟೆಯೂ ಇರಲಿಲ್ಲ, ಒಂದು ಬುಟ್ಟಿಯೂ ಇಳಿಯಲಿಲ್ಲ. ಸಾಹೇಬರ ಕೋಣೆಯ ಕಿಟಕಿಯ ಸಂದಿಯಿಂದ ನೀರು ಜಿನುಗಿ ಗೋಡೆಯೆಲ್ಲ ಒದ್ದೆ. ಅವರು ದಿಂಬಿಗೆ ಒರಗಿ ನಾನು ತಂದ ಕಾಗದ ಓದಿದರು. ಹಿಂದಿನ ಸಂಜೆ ಮಾತ್ರೆ ನುಂಗಿ ಮಲಗಿದ್ದರಿಂದ ಹೇಳಲು ಆಗಿರಲಿಲ್ಲ.

"ಎಂತದು ಇದು? ನನಗೆ ಕೇಳದೆ ಅಂಡಿಗೆ ಒಡೆಸಿದ್ರಿ, ಸಹಿಯೂ ಹಾಕಿದ್ರಿ! ಒಂದು ದಿನ ಕಾಯ್ಲಿಕ್ಕೆ ಆಗ್ಲಿಲ್ವ ನಿಮಗೆ?"

"ಇಲ್ರೀ ಸಾಹೇಬ್ರ. ಕಾಯೂ ಹಾಂಗ ಇರ್ಲಿಲ್ಲ."

"ಆ ಎರಡು ಹತ್ತಿ ತಂದಿದ್ದೀರಾ? ಕೊಡಿ ಇಲ್ಲಿ."

ಎರಡು ಪೊಟ್ಟಣ ಕೊಟ್ಟೆ. ಅವರು ಕಿಟಕಿಯ ಕಡೆ ಹಿಡಿದು ಒಂದನ್ನು ಜಗ್ಗಿದರು, ಇನ್ನೊಂದನ್ನು ಜಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ಜಗ್ಗಿದರು. "ಎರಡೂ ಒಂದೇ ಅಲ್ವ ಇದು?" ಎಂದರು. ಅವರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ನಾನೂ ಜಗ್ಗಿ ನೋಡಿದೆ. ರೇಷ್ಮೆ, ಎರಡೂ ರೇಷ್ಮೆ. "ಇವತ್ತ ನನಗೂ ಗೊತ್ತಾಗವಲ್ದರೀ," ಎಂದೆ. "ಅದಕ್ಕ ನಿನ್ನೇನ ನೋಡಿದೆ."

ಸಾಹೇಬರು ನೋವಿಗೆ ಹಲ್ಲು ಕಚ್ಚಿಕೊಂಡು ಬಗ್ಗಿ, ಮಂಚದ ಕೆಳಗಿನ ಪೆಟ್ಟಿಗೆಯಿಂದ ಮೊದಲ ಮೂರು ಲಾಟಿನ ಕಾಗದಗಳನ್ನು ತೆಗೆದರು. ಮೂರರಲ್ಲೂ ತಮ್ಮ ಹೆಸರಿನ ಮೇಲೆ ಅಡ್ಡಗೀಟು ಎಳೆದು ನನ್ನ ಕಡೆ ಚಾಚಿದರು. "ಇವನ್ನು ನೋಡಿದ್ದೂ ನೀವೇ ಅಲ್ವ. ಹಾಕಿ."

ಮರ್ಯಾದೆಗಾದರೂ ಒಮ್ಮೆ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಪೆನ್ನು ತೆಗೆದುಕೊಂಡು ಮೂರರ ಮೇಲೂ ಸಹಿ ಹಾಕಿದೆ.